ಕೋಟೆಯ ಬಾವಿಯಲ್ಲಿ ಸಿಕ್ಕ ಕಂಚಿನ ನಾಯಿ

ಬೆರಳುದ್ದದ ಕಂಚಿನ ಹಂದಿಯದೋ ನಾಯಿಯದೋ ಫೋಟೊ ಕಳಿಸಿ, ‘ಇದು ಕೆಲ್ಟರದೋ ರೋಮನ್ನರದೋ?’ ಎಂದು ಕೇಳುವವರಿದ್ದಾರೆ. ಕೆಲ್ಟರೆಂದರೆ ರೋಮನ್ನರಿಗೂ ಮುಂಚಿನಿಂದ ಬ್ರಿಟನ್ ಕಡೆ ಇದ್ದ ಜನ. ಸಿಕ್ಕಿದ್ದು ಎಲ್ಲಿ ಎಂದು ನಾನು ತಿರುಗಿ ಕೇಳುತ್ತೇನೆ. ಮುಖ ನೋಡಿ ಕುಲ ಹೇಳಲು ಹೋಗಿ ಹಳೆಯ ವಸ್ತುಗಳನ್ನು ಗುರುತಿಸುವ ಈ ಕಸುಬಿನಲ್ಲಿ ಎಡವಿದವರು ಕಡಿಮೆಯೇನಲ್ಲ.

ಬೆನ್ನ ಕೂದಲು ನಿಗುರಿಸಿ ನಿಂತ ಕಾಡುಹಂದಿ ಕೆಲ್ಟರ ಮೆಚ್ಚಿನ ಪ್ರಾಣಿ, ನಿಜ. ಆದರೆ ಬ್ರಿಟನ್ನಿನಲ್ಲಿ ಬೀಡುಬಿಟ್ಟಿದ್ದ ರೋಮಿನ 20ನೇ ಲೀಜನ್ನಿನ (ಸೇನಾದಳದ) ಲಾಂಛನವೂ ಕಾಡುಹಂದಿಯೇ. ಕೋಟೆಯಲ್ಲಿ ಹಂದಿ ಸಿಕ್ಕರೆ ಯಾರ ಹಂದಿ ಅನ್ನೋಣ?

ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಕ್ಯಾರಬರೊ ಕೋಟೆಯ ಕಥೆ ಇನ್ನೂ ಸೊಗಸು. ಕೋಟೆಯ ಹೊರಗೆ ಕೊವೆಂಟಿನಾ ಎಂಬ ದೇವತೆಯ ಬಾವಿಯಿದೆ. 1876ರಲ್ಲಿ ಪುರಾತತ್ವಾಸಕ್ತ ಜಾನ್ ಕ್ಲೇಟನ್ ಅದನ್ನು ಅಗೆಸಿದಾಗ 13,000ಕ್ಕೂ ಹೆಚ್ಚು ನಾಣ್ಯಗಳು, ಬಲಿಪೀಠಗಳು, ಜೊತೆಗೆ ಪುಟ್ಟ ಕಂಚಿನ ಕುದುರೆ, ನಾಯಿ ಸಿಕ್ಕವು. ನಾಯಿಯಂತೂ ಥೇಟ್ ಇಂದಿನ ಸ್ಕಾಟಿಷ್ ಟೆರಿಯರ್! ಕೊವೆಂಟಿನಾ ರೋಮಿನಿಂದ ಬಂದವಳಲ್ಲ, ಆ ನೀರಿನವಳು. ಅವಳ ಹೆಸರಿನಲ್ಲಿ ಲ್ಯಾಟಿನ್ ಶಾಸನ ಕೆತ್ತಿಸಿದವನೋ ಟೈಟಸ್ ಡೊಮಿಟಿಯಸ್ ಕೊಸ್ಕೊನಿಯಾನಸ್ ಎಂಬ ದಳಪತಿ. ಅವನ ಪಡೆಯ ಹೆಸರು ರೈನ್ ನದಿ ಕಡೆಯ ಬಟಾವಿಯನ್ನರದು. ಹೀಗಿರುವಾಗ ನಾಯಿಯ ಕೊರಳಿಗೆ ‘ಕೆಲ್ಟಿಕ್’ ಎಂದು ಚೀಟಿ ಕಟ್ಟಲು ನನ್ನ ಕೈ ಏಳುವುದಿಲ್ಲ. ಮಣ್ಣನ್ನು ಪದರ ಪದರವಾಗಿ ಅಗೆದು ದಾಖಲಿಸುವ ಶಿಸ್ತು ಕ್ಲೇಟನ್ ಕಾಲಕ್ಕೆ ಬಂದಿರಲಿಲ್ಲ ಬೇರೆ. ಆ ಶಿಸ್ತನ್ನು 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ತಂದ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಕೂಡ ಮೊದಲು ಕೈ ಪಳಗಿಸಿಕೊಂಡದ್ದು ವೇಲ್ಸಿನ ಸೆಗೊಂಟಿಯಂನಂಥ ರೋಮನ್ ಕೋಟೆಗಳಲ್ಲಿ.

ಲೋಹ ಏನಾದರೂ ಹೇಳುತ್ತದೆಯೇ? ಸ್ವಲ್ಪ. ರೋಮನ್ನರಿಗೂ ಮುಂಚಿನ ಬ್ರಿಟನ್ನಿನ ಕಂಚೆಂದರೆ ಬಹುಮಟ್ಟಿಗೆ ತಾಮ್ರ ಮತ್ತು ತವರ. ರೋಮನ್ನರ ಜೊತೆ ಹಿತ್ತಾಳೆ, ಅಂದರೆ ತಾಮ್ರ ಮತ್ತು ಸತುವಿನ ಬೆರಕೆ, ಹೇರಳವಾಗಿ ಬಂತು. ಹಳೆ ಸಾಮಾನು ಕರಗಿಸಿ ಎರಕ ಹೊಯ್ಯುವಾಗ ಕಂಚಿನೊಳಗೂ ಸತು ಸೇರಿತು. ಹಾಗಾಗಿ ಲೋಹದಲ್ಲಿ ಏನೇನಿದೆ ಎಂದು ಅಳೆಯುವ ಎಕ್ಸ್-ರೇ ಯಂತ್ರ ಗಣನೀಯ ಸತು ತೋರಿಸಿದರೆ ರೋಮನ್ ಕಾಲದ್ದಿರಬೇಕು ಅನ್ನುತ್ತೇನೆ. ಕಾಲ ಅಷ್ಟೇ, ಮಾಡಿದವನ ಕುಲ ಅಲ್ಲ. ಮೇಲಿನ ಕಿಲುಬನ್ನಷ್ಟೇ ಅಳೆದರೆ ಅದೂ ಮೋಸವೇ: ಮಣ್ಣಿನಲ್ಲಿ ತಾಮ್ರ ಸವೆದು ತವರ ಹೆಚ್ಚಿದಂತೆ ಕಾಣುತ್ತದೆ. ಹಾಗೆಂದು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಕಿಲುಬಿಗಂಟಿದ ಮಣ್ಣೇ ಎಷ್ಟೋ ಸಲ ಉಳಿದಿರುವ ಒಂದೇ ಸಾಕ್ಷಿ.

ನಾನು ಮೊದಲು ನೋಡುವುದು ಕಾಲಡಿಯನ್ನು. ಅಲ್ಲಿ ಮೊಳೆಯೋ ತೂತೋ ಇದ್ದರೆ ಪ್ರಾಣಿ ಬಿಡಿಯಾಗಿ ನಿಂತದ್ದಲ್ಲ, ಪೀಠಕ್ಕೋ ಪಾತ್ರೆಯ ಅಂಚಿಗೋ ಶಿರಸ್ತ್ರಾಣಕ್ಕೋ ಕೂರಿಸಿದ್ದು. ಡೆನ್ಮಾರ್ಕಿನ ಗುಂಡೆಸ್ಟ್ರುಪ್ಪಿನಲ್ಲಿ ಸಿಕ್ಕ ಹಳೆಯ ಬೆಳ್ಳಿ ಕೊಪ್ಪರಿಗೆಯ ಮೇಲೆ ಒಬ್ಬ ಯೋಧನ ತಲೆಯ ಮೇಲೆ ಹೀಗೇ ಹಂದಿಯೊಂದು ನಿಂತಿದೆ. ಫೋಟೊ ಕಳಿಸುವವರು ದಯವಿಟ್ಟು ಕಾಲಡಿಯದೂ ಒಂದು ಕಳಿಸಿ.