ಅನಿಮೋನ್‌ಗೆ ಗಾಯ ಆಗಿದ್ಯಾ? ಮೊದಲು ಪ್ಲಗ್ ತೆಗೀರಿ, ಆಮೇಲೆ ಕೈ ಹೊರಗಿಡಿ

"ಸರ್, ವೇವ್‌ಮೇಕರ್ ಒಳಗೆ ಅರ್ಧ ಅನಿಮೋನ್ ಹೋಗ್ಬಿಟ್ಟಿದೆ, ಎಳೀಲಾ?" ಅಂತ ಫೋನ್ ಬಂದ್ರೆ ನನ್ನ ಉತ್ತರ ಯಾವಾಗಲೂ ಒಂದೇ, ಪ್ಲಗ್ ತೆಗೀರಿ, ಎಳೀಬೇಡಿ. ಅನಿಮೋನ್ ಅಂದ್ರೆ ಉಪ್ಪುನೀರಿನ ಟ್ಯಾಂಕಲ್ಲಿ ಕಲ್ಲಿಗೆ ಪಾದ ಅಂಟಿಸ್ಕೊಂಡು ಕೂರೋ, ಹೂವಿನ ಥರ ಕಾಣೋ ಮೆತ್ತನೆ ಪ್ರಾಣಿ, ವೇವ್‌ಮೇಕರ್ ಅಂದ್ರೆ ಟ್ಯಾಂಕಲ್ಲಿ ಅಲೆ ಎಬ್ಬಿಸೋ ಪಂಪ್. ಮೋಟರ್ ನಿಂತ ಮೇಲೆ ಸುಮಾರು ಸಲ ಅದೇ ನಿಧಾನಕ್ಕೆ ಜಾರಿ ಹೊರಗೆ ಬರುತ್ತೆ, ಅರ್ಧ ಗಂಟೆನೂ ಆಗಬಹುದು, ಬರ್ಲೇ ಇಲ್ಲ ಅಂದ್ರೆ ಪಂಪನ್ನ ನೀರೊಳಗೇ ಇಟ್ಕೊಂಡು ಮುಂದಿನ ಜಾಲರಿ ಬಿಚ್ಚಿ ಬ್ಲೇಡನ್ನ ಕೈಯಲ್ಲೇ ಹಿಂದಕ್ಕೆ ತಿರುಗಿಸಿ ಬಿಡಿಸಬೇಕು. ನೀರಿಂದ ಮೇಲೆತ್ತಿದ್ರೆ ಅದರ ಮೈಯ ಭಾರಕ್ಕೇ ಗಾಯ ಇನ್ನಷ್ಟು ಹರಿಯುತ್ತೆ. ಗ್ಲೌಸ್ ಹಾಕ್ಕೊಳ್ಳಿ, ಬಬಲ್ ಟಿಪ್ ಅನ್ನೋ ಜಾತಿ ಆದ್ರೆ ಬೆರಳಿಗೆ ಬರೀ ಅಂಟಂಟು ಅನ್ಸುತ್ತೆ ಅಷ್ಟೇ, ಕಾರ್ಪೆಟ್ ಅನಿಮೋನ್ ಆದ್ರೆ ಮುಂಗೈ ಒಳಗಡೆ ಚೆನ್ನಾಗೇ ಉರಿಯುತ್ತೆ.

ನಮ್ಮ ಬೆಂಗಳೂರಲ್ಲಿ ಈ ಥರ ಫೋನ್ ಏಪ್ರಿಲ್-ಮೇನಲ್ಲಿ ಜಾಸ್ತಿ, ಅದಕ್ಕೆ ಕಾರಣನೂ ಇದೆ. ಸಂಜೆ ಗುಡುಗು ಮಳೆ, ಎಲ್ಲೋ ಮರದ ಕೊಂಬೆ ಬೀಳುತ್ತೆ, ಕರೆಂಟ್ ಹೋಗುತ್ತೆ. ಟ್ಯಾಂಕಲ್ಲಿ ನೀರಿನ ಓಡಾಟ ನಿಂತ ತಕ್ಷಣ ಅನಿಮೋನ್ ಪಾದ ಬಿಡಿಸಿ ನಡೆಯೋಕೆ ಶುರು ಮಾಡಬಹುದು, ನಿಂತಿರೋ ಪಂಪ್ ಅದಕ್ಕೆ ಇನ್ನೊಂದು ಕಲ್ಲು ಅಷ್ಟೇ, ಅದರ ಮೇಲೇ ಹತ್ತಿ ಕೂರುತ್ತೆ. ರಾತ್ರಿ ಎರಡಕ್ಕೆ ಕರೆಂಟ್ ಬರುತ್ತೆ, ಬ್ಲೇಡ್ ತಿರುಗುತ್ತೆ, ಮನೆಯವರು ಮಲಗಿರ್ತಾರೆ. ಹಾಗಾಗಿ ವೇವ್‌ಮೇಕರ್‌ಗೆ ಮೆಶ್ ಗಾರ್ಡ್ ಹಾಕಿ ಅಂತ ನಾನು ಹೋದ ಕಡೆಯೆಲ್ಲಾ ಹೇಳ್ತೀನಿ, ಗಾರ್ಡಲ್ಲಿ ಪಾಚಿ ಕಟ್ಟಿದ್ರೆ ಫ್ಲೋ ಸತ್ತುಹೋಗುತ್ತೆ, ಅದನ್ನ ವಾರಕ್ಕೊಮ್ಮೆ ತೊಳೀಬೇಕು, ಆ ತೊಳೆಯೋ ಕೆಲಸಕ್ಕೇ ಸೋಮಾರಿತನ. ಟಿವಿ, ವೈಫೈ ಎಲ್ಲಾ ಯುಪಿಎಸ್ ಮೇಲೆ ಇರುತ್ತೆ, ಟ್ಯಾಂಕ್ ಪಂಪ್ ಮಾತ್ರ ಇರಲ್ಲ, ಇದು ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಸರಿ, ಗಾಯ ಆಗೋಯ್ತು, ಈಗ ಎಷ್ಟು ಭಯ ಪಡಬೇಕು? ಟೆಂಟಕಲ್ (ಬಾಯಿ ಸುತ್ತ ಇರೋ ಬೆರಳಿನಂಥ ಎಳೆಗಳು) ಹತ್ತಿಪ್ಪತ್ತು ಕತ್ತರಿಸಿ ಹೋಗಿದ್ರೆ ತಲೆನೇ ಕೆಡಿಸ್ಕೋಬೇಡಿ, ಮತ್ತೆ ಬೆಳೆಯುತ್ತೆ. ಪಕ್ಕದ ಮೈ ಸೀಳಿದ್ರೂ ಎರಡೂ ಅಂಚು ತಾನಾಗೇ ಒಳಕ್ಕೆ ಎಳ್ಕೊಂಡು ಮುಚ್ಕೊಳ್ಳುತ್ತೆ. ಈ ಪ್ರಾಣಿಗೆ ಮೂಳೆ ಇಲ್ಲ, ಮೆದುಳಿಲ್ಲ, ಮೈತುಂಬ ನರಗಳ ಒಂದು ಬಲೆ, ತಿನ್ನೋಕೂ ಹೊರಹಾಕೋಕೂ ಒಂದೇ ಬಾಯಿ, ಒಳಗೆ ತುಂಬಿರೋ ನೀರೇ ಅದಕ್ಕೆ ಎಲುಬು. ಲ್ಯಾಬ್‌ಗಳಲ್ಲಿ ಸಾಕೋ ನೆಮಟೋಸ್ಟೆಲ್ಲಾ ಅನ್ನೋ ಪುಟ್ಟ ಅನಿಮೋನನ್ನ ಅಡ್ಡಡ್ಡ ಎರಡು ತುಂಡು ಮಾಡಿದ್ರೆ ಹೆಚ್ಚುಕಮ್ಮಿ ಒಂದು ವಾರದಲ್ಲಿ ಕಳ್ಕೊಂಡ ಭಾಗ ಮತ್ತೆ ಬಂದಿರುತ್ತೆ. ನಮ್ಮ ಬಬಲ್ ಟಿಪ್ ಅಷ್ಟು ಸ್ಪೀಡ್ ಇಲ್ಲ, ಆದ್ರೆ ಅದೂ ತಾನಾಗೇ ಉದ್ದಕ್ಕೆ ಸೀಳ್ಕೊಂಡು ಎರಡಾಗೋ ಜಾತಿನೇ, ಮೈ ಹರಿಯೋದು ಅದಕ್ಕೆ ಹೊಸದಲ್ಲ.

ನಿಜವಾದ ಅಪಾಯ ಪಾದದ ಗಾಯ. ಕಲ್ಲಿಗೆ ಹಿಡಿದಿರೋ ಅನಿಮೋನನ್ನ ಜಾಗ ಬದಲಾಯಿಸೋಕೆ ಅಂತ ಉಗುರು, ಸ್ಪೂನು, ಹಳೇ ಎಟಿಎಂ ಕಾರ್ಡಿಂದೆಲ್ಲಾ ಕೀಳ್ತಾರೆ ನೋಡಿ, ಆಗ ಅಡಿ ಹರಿಯುತ್ತೆ, ಹರಿದ ಪಾದಕ್ಕೆ ಹಿಡಿತ ಇರಲ್ಲ, ಹಿಡಿತ ಇಲ್ಲದ್ದು ಉರುಳ್ಕೊಂಡು ಮತ್ತೆ ಪಂಪಿಗೋ ಹೀಟರ್‌ಗೋ ಹೋಗಿ ಅಂಟುತ್ತೆ. ಅಂಥದ್ದನ್ನ ತೂತುತೂತಿನ ಪ್ಲಾಸ್ಟಿಕ್ ಬುಟ್ಟಿಯೊಳಗೆ ಒರಟು ಕಲ್ಲಿನ ಮೇಲೆ ಕೂರಿಸಿ, ಫ್ಲೋ ಕಮ್ಮಿ ಇರೋ ಕಡೆ ಅದೇ ಟ್ಯಾಂಕಲ್ಲೇ ಇಡಿ. ಪಾದ ಹಿಡಿದಿದೆ, ಬೇರೆ ಕಡೆ ಗಾಯ ಅಂದ್ರೆ ಅಲ್ಲಾಡಿಸಲೇಬೇಡಿ. ಹಾಸ್ಪಿಟಲ್ ಟ್ಯಾಂಕ್ ಅಂತ ಅರ್ಜೆಂಟಾಗಿ ಬಕೆಟ್ಟಲ್ಲಿ ಹೊಸ ಉಪ್ಪುನೀರು ಕಲಸಿ ಹಾಕೋದಕ್ಕಿಂತ ಹಳೇ ಟ್ಯಾಂಕಿನ ಸೆಟ್ಲ್ ಆದ ನೀರೇ ಎಷ್ಟೋ ವಾಸಿ.

ಮೊದಲ ಎರಡು ಮೂರು ದಿನ ಅದು ಗಾಳಿ ಹೋದ ಬಲೂನ್ ಥರ ಕುಗ್ಗಿ, ಬಾಯಿಂದ ಕಂದು ಲೋಳೆ ಬಿಡುತ್ತೆ, ಮತ್ತೆ ಉಬ್ಬುತ್ತೆ, ಮತ್ತೆ ಕುಗ್ಗುತ್ತೆ, ಇದನ್ನ ನೋಡಿ ಸತ್ತೋಯ್ತು ಅಂತ ಎತ್ತಿ ಎಸೆದವರಿದ್ದಾರೆ. ಕುಗ್ಗೋದು ಸಾವಲ್ಲ, ಒಳಗಿನ ಹಳೇ ನೀರು ಹೊರಗೆ ಹಾಕ್ತಿದೆ ಅಷ್ಟೇ. ಸತ್ತಿದ್ದು ಮೂಗಿಗೇ ಗೊತ್ತಾಗುತ್ತೆ, ಕೊಳೆತ ವಾಸನೆ ಬರುತ್ತೆ, ಚರ್ಮ ಎಳೆಎಳೆಯಾಗಿ ಕರಗ್ತಾ ಇರುತ್ತೆ, ಬಾಯಿ ದಿನವೆಲ್ಲಾ ಹಾ ಅಂತ ತೆರೆದು ಒಳಗಿನದ್ದೆಲ್ಲಾ ಆಚೆ ಬಂದಿರುತ್ತೆ. ಆವಾಗ ಮಾತ್ರ ಒಂದು ನಿಮಿಷನೂ ಯೋಚನೆ ಮಾಡಬೇಡಿ, ತೆಗೀರಿ, ಯಾಕಂದ್ರೆ ಒಂದು ದೊಡ್ಡ ಅನಿಮೋನ್ ಕೊಳೆತ್ರೆ ಅಮೋನಿಯಾ ಏರಿ ಬೆಳಗಾಗೋದ್ರೊಳಗೆ ಮೀನುಗಳೂ ಹೋಗಿರುತ್ತೆ, ಕೂಡ್ಲೇ ನೀರು ಬದಲಾಯಿಸಿ ನೀರಿನ ಕೊಳೆ ಹೀರೋ ಕಾರ್ಬನ್ ಹೊಸದು ಹಾಕಿ.

ಇನ್ನು ನೀರು. ಗಾಯಕ್ಕೆ ಔಷಧಿ ಅಂತ ಏನಾದ್ರೂ ಇದ್ರೆ ಇದೇ. ಸಾಲಿನಿಟಿ ಅಂದ್ರೆ ಉಪ್ಪಿನಂಶ 35 ಪಿಪಿಟಿ (ಸಾವಿರ ಪಾಲಿಗೆ 35), ಟೆಂಪರೇಚರ್ 25-26 ಡಿಗ್ರಿ, ಅಮೋನಿಯಾ ಸೊನ್ನೆ, ಈ ಮೂರೂ ಅಲ್ಲಾಡದೇ ಇದ್ರೆ ಅರ್ಧ ಕೆಲಸ ಮುಗೀತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಆಗಿ ಬರೋ ಕಾವೇರಿ ನೀರಲ್ಲಿ ಕ್ಲೋರಿನ್ ಇರುತ್ತೆ, ವೈಟ್‌ಫೀಲ್ಡ್, ಸರ್ಜಾಪುರ ಕಡೆಯ ಟ್ಯಾಂಕರ್ ನೀರು ಅಂದ್ರೆ ಬೋರ್‌ವೆಲ್, ಇವತ್ತು ಬಂದಂಗೆ ನಾಳೆ ಇರಲ್ಲ, ಎರಡನ್ನೂ ನೇರ ಉಪ್ಪು ಕಲಸೋಕೆ ಬಳಸಬೇಡಿ. ಅಡುಗೆಮನೆ ಆರ್‌ಒ ನೀರು ಹಾಕಿದೀವಲ್ಲ ಅಂತ ಕೇಳ್ತಾರೆ, ಅದರಲ್ಲಿ ರುಚಿಗೆ ಅಂತ ಟಿಡಿಎಸ್ (ನೀರಲ್ಲಿ ಕರಗಿರೋ ಲವಣ) ಕಂಟ್ರೋಲರ್ ಇಟ್ಟು ಸ್ವಲ್ಪ ಹಸಿ ನೀರನ್ನ ಮತ್ತೆ ಮಿಕ್ಸ್ ಮಾಡಿರ್ತಾರೆ, ಮೀಟರ್ ಇಟ್ಟು ನೋಡಿದ್ರೆ 60, 80 ತೋರಿಸೋದು ಮಾಮೂಲಿ. ಟ್ಯಾಂಕಿಗೆ ಡಿಐ ರೆಸಿನ್ (ಉಳಿದ ಲವಣನೂ ಹಿಡಿಯೋ ಫಿಲ್ಟರ್) ದಾಟಿ ಬಂದ ಸೊನ್ನೆ ಟಿಡಿಎಸ್ ನೀರೇ ಬೇಕು. ಗಾಯ ಆದ ಮೊದಲ ವಾರ ದಿನ ಬಿಟ್ಟು ದಿನ ಶೇಕಡಾ 10ರಷ್ಟು ಬದಲಾಯಿಸಿ, ಹೊಸ ನೀರಿನ ಸಾಲಿನಿಟಿ, ಬಿಸಿ ಎರಡೂ ಹಳೇದಕ್ಕೆ ಮ್ಯಾಚ್ ಆಗಿರಲಿ.

ಔಷಧಿ ವಿಷಯ ಹೇಳಲೇಬೇಕು, ಯಾಕಂದ್ರೆ ಅರಿಶಿನ ಹಾಕಬಹುದಾ ಅಂತಾನೂ ಕೇಳಿದ್ದಾರೆ! ಬೇಡ. ಮೀನಿನ ವೈಟ್ ಸ್ಪಾಟ್ ರೋಗಕ್ಕೆ ಕೊಡೋ ಕಾಪರ್ ಅಂತೂ ಅನಿಮೋನ್‌ಗೆ ವಿಷ. ಸಿಪ್ರೋಫ್ಲಾಕ್ಸಾಸಿನ್ ಅನ್ನೋ ಆ್ಯಂಟಿಬಯೋಟಿಕ್ ಬಗ್ಗೆ ಹವ್ಯಾಸಿಗಳು ತುಂಬಾ ಮಾತಾಡ್ತಾರೆ, ಅದು ಇನ್ಫೆಕ್ಷನ್ ಆದ ಅನಿಮೋನ್‌ಗೆ, ಬೇರೆ ಟ್ಯಾಂಕಲ್ಲಿ, ದಿನಾ ನೀರು ಬದಲಾಯಿಸ್ತಾ ಮಾಡೋ ಕೆಲಸ, ಬರೀ ಹರಿದ ಗಾಯಕ್ಕೆ ಮೇನ್ ಟ್ಯಾಂಕಿಗೆ ಸುರಿದ್ರೆ ಫಿಲ್ಟರಲ್ಲಿ ಅಮೋನಿಯಾ ತಿನ್ನೋ ಒಳ್ಳೇ ಬ್ಯಾಕ್ಟೀರಿಯಾಗೂ ಏಟು ಬೀಳಬಹುದು. ಜಲಚರ ನೋಡೋ ವೆಟ್ ಸಿಕ್ರೆ ಅವರನ್ನ ಕೇಳಿ ಮಾಡಿ.

ಊಟನೂ ಸದ್ಯಕ್ಕೆ ಬೇಡ. ಪಾಪ ಸುಸ್ತಾಗಿದೆ ಅಂತ ದೊಡ್ಡ ಸಿಗಡಿ ತುರುಕ್ತಾರೆ, ಗಾಯ ಇರೋ ಹೊಟ್ಟೇಲಿ ಅದು ಕರಗದೆ ಕೊಳೆಯುತ್ತೆ. ಅದರ ಮೈಯೊಳಗಿರೋ ಪಾಚಿ ಜೀವಿಗಳು ಬೆಳಕಿಂದ ಸಕ್ಕರೆ ಮಾಡಿ ಕೊಡ್ತಾ ಇರುತ್ತೆ, ಬಣ್ಣ ಇದೆ ಅಂದ್ರೆ ಊಟ ನಡೀತಿದೆ ಅಂತ ಅರ್ಥ. ಒಂದು ವಾರ ಬಿಟ್ಟು ಬಾಯಿ ಬಿಗಿಯಾಗಿ ಮುಚ್ಚಿದ ಮೇಲೆ ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿ) ಅಥವಾ ಕಿರುಬೆರಳ ಉಗುರಿನಷ್ಟು ಸಿಗಡಿ, ವಾರಕ್ಕೆರಡು ಸಲ ಸಾಕು. ಆ ಪಾಚಿ ಕಳ್ಕೊಂಡು ಬೆಳ್ಳಗಾಗಿದ್ರೆ ಮಾತ್ರ ಲೆಕ್ಕ ಬೇರೆ, ಲೈಟ್ ತಗ್ಗಿಸಿ ವಾರಗಟ್ಟಲೆ ನಿಧಾನಕ್ಕೆ ಏರಿಸಬೇಕು, ತಿನ್ನೋಕೆ ಶುರು ಮಾಡಿದ ಮೇಲೆ ಚೂರುಚೂರೇ ಜಾಸ್ತಿ ಸಲ ಕೊಡಬೇಕು.

ಅನಿಮೋನ್ ಒಳಗೇ ಮನೆ ಮಾಡೋ ಕ್ಲೌನ್ ಮೀನನ್ನ ತಡೀರಿ. ನಮ್ಮ ಅಂಗಡಿಗಳಲ್ಲಿ ಸಿಗೋ ಒಸಿಲ್ಲಾರಿಸ್ ಜಾತಿಯ ಕ್ಲೌನ್‌ಗೆ ಸಮುದ್ರದಲ್ಲಿ ಬಬಲ್ ಟಿಪ್ ಸಹಜ ಮನೆ ಅಲ್ಲ, ಟ್ಯಾಂಕಲ್ಲಿ ಒಗ್ಗಿಕೊಳ್ಳುತ್ತೆ, ಒಗ್ಗಿದ ಮೇಲೆ ಗಾಯ ಗೀಯ ನೋಡಲ್ಲ, ದಿನವಿಡೀ ಮೈ ಉಜ್ಜುತ್ತೆ. ನಡುವೆ ಡಿವೈಡರ್ ಹಾಕಿ ಎರಡು ಮೂರು ವಾರ ದೂರ ಇಡಿ.

ಇಷ್ಟೆಲ್ಲಾ ಯಾಕೆ, ಹೊಸದು ತಗೊಂಡ್ರಾಯ್ತು ಅನ್ನೋರಿಗೆ ಒಂದು ವಿಷಯ. 1828ರಲ್ಲಿ ಸ್ಕಾಟ್ಲೆಂಡ್ ತೀರದಿಂದ ಜಾನ್ ಡಾಲ್ಯೆಲ್ ಅನ್ನೋರು ತಂದ ಒಂದು ಅನಿಮೋನ್, ಗಾಜಿನ ಜಾಡಿಯಲ್ಲಿ, 1887ರವರೆಗೆ ಬದುಕಿತ್ತು, ಡಾಲ್ಯೆಲ್ ಹೋದ ಮೇಲೂ ಕೈಯಿಂದ ಕೈಗೆ ದಾಟಿ. ಅದು ತಣ್ಣೀರಿನ ಬೇರೆ ಜಾತಿ, ಆದ್ರೂ ಆ ಕಾಲದಲ್ಲಿ ಪಂಪೂ ಇಲ್ಲ, ನೀರಿನ ಕೊಳೆ ತೆಗೆಯೋ ಸ್ಕಿಮ್ಮರೂ ಇಲ್ಲ.

ಚೇತರಿಸ್ಕೊಂಡ ಬಬಲ್ ಟಿಪ್ ಕೆಲವು ಸಲ ಆ ಏಟಿನ ನೆಪದಲ್ಲೇ ಎರಡಾಗುತ್ತೆ. ಆದ್ರೆ ಒಂದು ತಿಂಗಳು ಎರಡನ್ನೂ ಮುಟ್ಟಬೇಡಿ, ಆಮೇಲೆ ಒಂದನ್ನ ಯಾರಿಗಾದ್ರೂ ಕೊಡೋದಾದ್ರೆ ಅದು ಹಿಡ್ಕೊಂಡಿರೋ ಕಲ್ಲು ಸಮೇತ ಕೊಡಿ, ಕಲ್ಲಿನ ದುಡ್ಡು ಬೇಕಾದ್ರೆ ಬೇರೆ ಇಸ್ಕೊಳ್ಳಿ.