ನಗರ ಯೋಜನೆಯಲ್ಲಿ ಸಾರ್ವಜನಿಕ ಆರೋಗ್ಯ: 400 ಮೀಟರಿನ ವೃತ್ತವನ್ನು ಏಕೆ ನಂಬಬಾರದು

ನಗರ ಯೋಜನೆಗೂ ಸಾರ್ವಜನಿಕ ಆರೋಗ್ಯಕ್ಕೂ ಇರುವ ನಂಟನ್ನು ಪರೀಕ್ಷೆಗೆ ಓದುವವರಿಗೆ ಇತಿಹಾಸದ ಭಾಗ ಸುಲಭ. 1842ರಲ್ಲಿ ಸಮಾಜ ಸುಧಾರಕ ಎಡ್ವಿನ್ ಚಾಡ್ವಿಕ್ ಬ್ರಿಟನ್ನಿನ ದುಡಿಯುವ ಜನರ ವಾಸಸ್ಥಿತಿಯ ಕುರಿತು ವರದಿ ಬರೆದನು. 1848ರಲ್ಲಿ ಸಾರ್ವಜನಿಕ ಆರೋಗ್ಯ ಕಾಯಿದೆ ಬಂದಿತು. ದುರ್ಗಂಧವೇ ರೋಗಕ್ಕೆ ಮೂಲವೆಂಬ ಅವನ ನಂಬಿಕೆ ತಪ್ಪಾಗಿತ್ತು, ಆದರೂ ಅವನು ಒತ್ತಾಯಿಸಿದ ಒಳಚರಂಡಿ ಮಾತ್ರ ಸರಿಯಾದ ಮದ್ದೇ ಆಗಿತ್ತು. ಮುಂದೆ ವೈದ್ಯರು ರೋಗಾಣುಗಳ ಕಡೆಗೂ ಯೋಜಕರು ರಸ್ತೆ ಮತ್ತು ವಲಯಗಳ ಕಡೆಗೂ ಹೊರಳಿದ್ದರಿಂದ ಎರಡು ಶಾಸ್ತ್ರಗಳು ದೂರವಾದವು. ಮಧುಮೇಹ, ಹೃದ್ರೋಗ ಮತ್ತು ವಾಯುಮಾಲಿನ್ಯದ ಕಾಯಿಲೆಗಳು ಅವನ್ನು ಮತ್ತೆ ಒಂದೇ ಮೇಜಿಗೆ ತಂದಿವೆ.

ಇನ್ನು ತೊಡಕಿನ ಭಾಗ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಒಂದೇ ಸಲಕ್ಕೆ 10 ನಿಮಿಷವಾದರೂ ಮಾಡಬೇಕೆಂಬ ಹಳೆಯ ಷರತ್ತು 2020ರ ಮಾರ್ಗಸೂಚಿಯಲ್ಲಿ ಇಲ್ಲ. ಹಾಗಾಗಿ ಮನೆಯಿಂದ ಬಸ್ ನಿಲ್ದಾಣಕ್ಕೆ ಚುರುಕಾಗಿ ನಡೆಯುವ 5 ನಿಮಿಷವೂ, ಅಂದರೆ ಸುಮಾರು 400 ಮೀಟರ್, ಲೆಕ್ಕಕ್ಕೆ ಸೇರುತ್ತದೆ. ಹೋಗಿಬರುವುದು ಸೇರಿ ವಾರದ ಐದು ದಿನಕ್ಕೆ 50 ನಿಮಿಷವಾಯಿತು. ಈ 5 ನಿಮಿಷದ ನಡಿಗೆಯ ಲೆಕ್ಕದಲ್ಲೇ ನಕ್ಷೆಗಳಲ್ಲಿ ನಿಲ್ದಾಣದ ಸುತ್ತ 400 ಮೀಟರ್ ತ್ರಿಜ್ಯದ ವೃತ್ತ ಎಳೆದು, ಒಳಗಿರುವ ಮನೆಗಳಿಗೆಲ್ಲ ನಿಲ್ದಾಣವು ನಡಿಗೆಯ ದೂರದಲ್ಲಿದೆ ಎಂದು ಬರೆಯುವ ರೂಢಿಯಿದೆ.

ಆದರೆ ಜನರು ಹಕ್ಕಿಗಳಂತೆ ನೇರವಾಗಿ ಸಾಗುವುದಿಲ್ಲ. ರಸ್ತೆಗಳು ಚದುರಂಗದ ಮಣೆಯಂತೆ ಒತ್ತಾಗಿ, ಉತ್ತರ-ದಕ್ಷಿಣ ಮತ್ತು ಪೂರ್ವ-ಪಶ್ಚಿಮಕ್ಕೆ ಒಂದಕ್ಕೊಂದು ಲಂಬವಾಗಿ ಹೆಣೆದುಕೊಂಡಿವೆ ಎಂದುಕೊಳ್ಳೋಣ, ಎಲ್ಲಿಯೂ ಅಡ್ಡಗೋಡೆಯಿಲ್ಲ. ನಿಲ್ದಾಣದಿಂದ ನೇರ ಉತ್ತರಕ್ಕೆ 400 ಮೀಟರ್ ದೂರದಲ್ಲಿರುವ ಮನೆಗೆ ನಡಿಗೆಯೂ 400 ಮೀಟರೇ. ಅದೇ ವೃತ್ತದ ಅಂಚಿನಲ್ಲಿ ಸರಿಯಾಗಿ ಈಶಾನ್ಯಕ್ಕಿರುವ ಮನೆಯವರು 283 ಮೀಟರ್ ಒಂದು ದಿಕ್ಕಿಗೆ, ಇನ್ನೊಂದು 283 ಮೀಟರ್ ಮತ್ತೊಂದು ದಿಕ್ಕಿಗೆ, ಒಟ್ಟು 566 ಮೀಟರ್ ನಡೆಯಬೇಕಾಗುತ್ತದೆ. 400 ಮೀಟರ್ ನಡೆದು ನಿಜವಾಗಿ ತಲುಪಬಹುದಾದ ಬಿಂದುಗಳನ್ನೆಲ್ಲ ಗುರುತಿಸಿದರೆ ದೊರೆಯುವ ಆಕೃತಿ ವೃತ್ತವಲ್ಲ, ಮೂಲೆಯ ಮೇಲೆ ನಿಲ್ಲಿಸಿದ ಚೌಕ. ಅದರ ಕರ್ಣಗಳು ತಲಾ 800 ಮೀಟರ್, ವಿಸ್ತೀರ್ಣ 32 ಹೆಕ್ಟೇರ್. ವೃತ್ತದ್ದು ಸುಮಾರು 50 ಹೆಕ್ಟೇರ್. ಅಂದರೆ ದೋಷವೇ ಇಲ್ಲದ ಜಾಲದಲ್ಲಿಯೂ ವೃತ್ತದ ಶೇ. 64ರಷ್ಟು ಮಾತ್ರ ಕೈಗೆಟುಕುತ್ತದೆ. ತ್ರಿಜ್ಯ ಎಷ್ಟೇ ಇರಲಿ, ಈ ಅನುಪಾತ, ಅಂದರೆ 2 ಭಾಗಿಸು ಪೈ, ಬದಲಾಗುವುದಿಲ್ಲ. ಪರೀಕ್ಷೆಗೆ ನೆನಪಿಡಲು ಇಷ್ಟು ಸಾಕು.

ನಿಜವಾದ ಬಡಾವಣೆಗಳಲ್ಲಿ ಮುಚ್ಚಿದ ತುದಿಯ ರಸ್ತೆ, ರೈಲು ಹಳಿ, ದಾಟಲಾಗದ ಹೆದ್ದಾರಿ ಇವೆಲ್ಲ ಸೇರಿ ಅನುಪಾತ ಇನ್ನೂ ಕುಸಿಯುತ್ತದೆ. ಹೀಗಾಗಿ ಯಾವುದೇ ಯೋಜನೆಯಲ್ಲಿ ವೃತ್ತ ಕಂಡರೆ ರಸ್ತೆಜಾಲದ ಮೇಲೆ ಅಳೆದ ದೂರವನ್ನು ಕೇಳುವುದು ಮೊದಲ ಕೆಲಸವೆಂದು ನನಗೆ ಅನ್ನಿಸುತ್ತದೆ.

ಒಂದು ಯೋಜನೆ ಜನರ ಆರೋಗ್ಯದ ಮೇಲೆ ಏನು ಪರಿಣಾಮ ಬೀರುತ್ತದೆಂದು ಅಳೆಯುವುದೇ ಆರೋಗ್ಯ ಪರಿಣಾಮ ಮೌಲ್ಯಮಾಪನ; ರಸ್ತೆಜಾಲದ ದೂರದ ಅಳತೆಗೂ ಅದರಲ್ಲಿ ಜಾಗವಿದೆ. ಅದರ ಹಂತಗಳನ್ನು ಪಠ್ಯಪುಸ್ತಕದಲ್ಲೇ ಓದಿಕೊಳ್ಳಬಹುದು. ಮುಖ್ಯವಾದುದು ಅದರ ಸಮಯ. ರಸ್ತೆವಿನ್ಯಾಸ ಅಂತಿಮವಾಗುವ ಮೊದಲು ಈ ಅಳತೆ ನಡೆದರೆ, ಮುಚ್ಚಿದ ತುದಿಯಿಂದ ಪಕ್ಕದ ಬೀದಿಗೆ ಕಾಲುದಾರಿ ಕೊಡಲು ನಕ್ಷೆಯಲ್ಲಿ ಒಂದು ಗೆರೆ ಸಾಕು. ಮನೆಗಳು ಎದ್ದ ಮೇಲೆ ಅದೇ ದಾರಿಗೆ ಭೂಸ್ವಾಧೀನ ಬೇಕಾಗುತ್ತದೆ.