ಲಿನಕ್ಸ್‌ನಲ್ಲಿ ಬ್ರೌಸರ್ ವಿಡಿಯೋ: ಓಡ್ದೇ ಇರೋದು ಬೇರೆ, ತಡವರಿಸೋದು ಬೇರೆ

ಮೂರು ಸಂಜೆ ಇದರಲ್ಲೇ ಹೋಯ್ತು, ಮರೆತುಹೋಗೋಕೆ ಮುಂಚೆ ಬರ್ದಿಡ್ತಿದೀನಿ. ಲ್ಯಾಪ್‌ಟಾಪ್ ಹಳೇದು, 6ನೇ ಜನರೇಶನ್ ಇಂಟೆಲ್ ಐ5, ಅದಕ್ಕೆ ಹೊಸದಾಗಿ ಫೆಡೋರಾ ಅನ್ನೋ ಲಿನಕ್ಸ್ ಹಾಕಿದ್ದೆ, ಬ್ರೌಸರ್ ಫೈರ್‌ಫಾಕ್ಸ್. ನಾನು ಓದ್ತಿರೋ ಕೋರ್ಸಿನ ಪಾಠದ ವಿಡಿಯೋ ಒತ್ತಿದ್ರೆ ಕಪ್ಪು ಚೌಕ ಬಂದು, ಈ ಫಾರ್ಮ್ಯಾಟಿಗೆ ಸಪೋರ್ಟ್ ಇಲ್ಲ ಅನ್ನೋ ಅರ್ಥದ ಮೆಸೇಜ್ ಕಾಣಿಸ್ತಿತ್ತು. ಯೂಟ್ಯೂಬ್ ಏನೋ ಓಡ್ತಿತ್ತು, ಆದ್ರೆ 1080ಪಿ ಇಟ್ಟ ತಕ್ಷಣ ಫ್ಯಾನ್ ಜೋರಾಗಿ ತಿರುಗೋಕೆ ಶುರು, ಮೇಷ್ಟ್ರ ಮಾತು ಮುಂದೆ ಹೋಗಿರತ್ತೆ, ಬೋರ್ಡ್ ಮೇಲಿನ ಕೈ ಇನ್ನೂ ಹಿಂದೇನೇ ಇರತ್ತೆ. ಎರಡಕ್ಕೂ ಕಾರಣ ಒಂದೇ, "ಕೋಡೆಕ್ ಇಲ್ಲ" (ಕೋಡೆಕ್ ಅಂದ್ರೆ ವಿಡಿಯೋನ ಚಿಕ್ಕದಾಗಿ ಕಟ್ಟೋ, ಮತ್ತೆ ಬಿಚ್ಚೋ ವಿಧಾನ) ಅಂದ್ಕೊಂಡು ಸಿಕ್ಕಿದ ಪ್ಯಾಕೇಜೆಲ್ಲ ಹಾಕ್ತಾ ಹೋದೆ. ಒಂದು ಸರಿ ಹೋಯ್ತು, ಇನ್ನೊಂದು ಅಲ್ಲಾಡ್ಲಿಲ್ಲ. ಯಾಕಂದ್ರೆ ಅವೆರಡೂ ಬೇರೆ ಬೇರೆ ತೊಂದರೆ. ಇದೊಂದು ಮೊದ್ಲೇ ಗೊತ್ತಿದ್ದಿದ್ರೆ ಎರಡು ಸಂಜೆ ಉಳೀತಿತ್ತು.

(ಕಮಾಂಡುಗಳನ್ನ ಇಲ್ಲಿ ಓದೋ ಹಾಗೆ ಬರ್ದಿದೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.)

ಡಬ್ಬಿ ಬೇರೆ, ಒಳಗಿರೋ ಅಡುಗೆ ಬೇರೆ

ಎಂಪಿ4, ವೆಬ್‌ಎಂ, ಎಂಕೆವಿ ಇವೆಲ್ಲ ಡಬ್ಬಿಗಳು ಅಷ್ಟೇ. ಡಬ್ಬಿ ನೋಡಿ ಒಳಗೆ ಚಿತ್ರಾನ್ನ ಇದೆಯೋ ಮೊಸರನ್ನ ಇದೆಯೋ ಹೇಳೋಕಾಗಲ್ಲ ಅಲ್ವಾ, ಹಾಗೇ ಎಂಪಿ4 ಒಳಗೆ ಎಚ್.264 ಇರಬಹುದು, ಎಚ್‌ಇವಿಸಿ ಇರಬಹುದು, ಎವಿ1 ಕೂಡ ಇರಬಹುದು. "ಎಂಪಿ4 ಓಡಲ್ಲ" ಅಂತ ಹುಡುಕಿದ್ರೆ ಅದಕ್ಕೇ ನೂರು ಥರದ ಉತ್ತರ ಬರತ್ತೆ. ವೆಬ್‌ನಲ್ಲಿ ನಮಗೆ ದಿನಾ ಎದುರಾಗೋದು ಮುಖ್ಯವಾಗಿ ಮೂರು ಕೋಡೆಕ್: 2003ರ ಎಚ್.264, 2013ರ ವಿಪಿ9, 2018ರ ಎವಿ1. ಮುಂದೆಲ್ಲ ಈ ಮೂರರ ಹೆಸರೇ ಬರತ್ತೆ.

ಮೊದಲ್ನೇ ತೊಂದರೆ: ಓಡೋದೇ ಇಲ್ಲ

ವಿಪಿ9, ಎವಿ1 ಬಿಚ್ಚೋ ಕೋಡ್‌ನ ಫೈರ್‌ಫಾಕ್ಸ್ ತನ್ನ ಜೊತೇಲೇ ತರತ್ತೆ, ಅವಕ್ಕೆ ರಾಯಲ್ಟಿ ಕಟ್ಟೋ ಗೋಜಿಲ್ಲ. ಎಚ್.264 ಹಾಗಲ್ಲ, ಅದಕ್ಕೆ ಪೇಟೆಂಟ್ ಇದೆ. ಹಾಗಾಗಿ ಲಿನಕ್ಸ್‌ನಲ್ಲಿ ಫೈರ್‌ಫಾಕ್ಸ್ ಅದನ್ನ ಸಿಸ್ಟಮ್‌ನಲ್ಲಿರೋ ಎಫ್‌ಎಫ್‌ಎಂಪೆಗ್ ಲೈಬ್ರರಿಗೆ, ಅಂದ್ರೆ ಲಿಬ್‌ಎವಿಕೋಡೆಕ್‌ಗೆ ಒಪ್ಪಿಸತ್ತೆ. ಪೇಟೆಂಟ್ ಕಾರಣಕ್ಕೇ ಫೆಡೋರಾ ತನ್ನ ರೆಪೊಸಿಟರಿಯಲ್ಲಿ (ಪ್ಯಾಕೇಜುಗಳ ಭಂಡಾರದಲ್ಲಿ) ಎಫ್‌ಎಫ್‌ಎಂಪೆಗ್-ಫ್ರೀ ಅನ್ನೋ ಮೊಟಕು ಮಾಡಿದ ಆವೃತ್ತಿ ಇಡತ್ತೆ. ಯೂಟ್ಯೂಬ್ ನನಗೆ ವಿಪಿ9 ಕಳಿಸ್ತಿತ್ತು, ಓಡ್ತು. ಕೋರ್ಸಿನವರು ಎಚ್.264 ಕಳಿಸ್ತಿದ್ರು, ಓಡ್ಲಿಲ್ಲ. ಒಂದೇ ಬ್ರೌಸರ್ರು, ಒಂದೇ ಕಂಪ್ಯೂಟರ್ರು, ಒಂದು ಸೈಟು ಓಡತ್ತೆ ಇನ್ನೊಂದು ಓಡಲ್ಲ ಅನ್ನೋದರ ಗುಟ್ಟು ಇಷ್ಟೇ.

ಖಾತ್ರಿ ಮಾಡ್ಕೊಳ್ಳೋಕೆ ಕ್ರೋಮ್‌ನಲ್ಲಿ ಅದೇ ವಿಡಿಯೋ ತೆಗೀರಿ. ಕ್ರೋಮ್ ಎಚ್.264ನೂ ಹೊತ್ಕೊಂಡೇ ಬರತ್ತೆ, ಸಿಸ್ಟಮ್‌ನ ಕೇಳಲ್ಲ. ಅದರಲ್ಲಿ ಓಡಿ ಫೈರ್‌ಫಾಕ್ಸ್‌ನಲ್ಲಿ ಓಡ್ಲಿಲ್ಲ ಅಂದ್ರೆ ಎಫ್‌ಎಫ್‌ಎಂಪೆಗ್ ಮೇಲೇ ಮೊದಲ ಅನುಮಾನ. ಕ್ರೋಮ್‌ಗೆ ಬುನಾದಿಯಾಗಿರೋ ಓಪನ್ ಸೋರ್ಸ್ ಬ್ರೌಸರ್ ಕ್ರೋಮಿಯಂನ ಕ್ರೋಮ್ ಅಂದ್ಕೋಬೇಡಿ, ಅದರಲ್ಲಿ ಏನಿರತ್ತೆ ಏನಿರಲ್ಲ ಅನ್ನೋದು ಕಟ್ಟಿದವರ ಮೇಲೆ ಹೋಗತ್ತೆ.

ಪರಿಹಾರ: ಫೆಡೋರಾಗೆ ಆರ್‌ಪಿಎಂ ಫ್ಯೂಷನ್ ರೆಪೊಸಿಟರಿ ಸೇರಿಸಿ, ಆಮೇಲೆ ಡಿಎನ್‌ಎಫ್ ಸ್ವಾಪ್ ಕಮಾಂಡಿನಿಂದ ಎಫ್‌ಎಫ್‌ಎಂಪೆಗ್-ಫ್ರೀ ತೆಗೆದು ಪೂರ್ತಿ ಎಫ್‌ಎಫ್‌ಎಂಪೆಗ್ ಕೂರಿಸಿ, ಕೊನೇಲಿ ಅಲೋಇರೇಸಿಂಗ್ ಅನ್ನೋ ಆಯ್ಕೆ ಕೊಡಿ. ಸುಮ್ನೆ ಇನ್‌ಸ್ಟಾಲ್ ಅಂದ್ರೆ ಎರಡೂ ಪ್ಯಾಕೇಜಿಗೆ ಜಗಳ ಆಗಿ ನಿಲ್ಲತ್ತೆ, ಅದಕ್ಕೇ ಸ್ವಾಪ್. ಉಬುಂಟುನಲ್ಲಾದ್ರೆ ಉಬುಂಟು-ರಿಸ್ಟ್ರಿಕ್ಟೆಡ್-ಎಕ್ಸ್‌ಟ್ರಾಸ್ ಅನ್ನೋ ಪ್ಯಾಕೇಜು. ಆಮೇಲೆ ಫೈರ್‌ಫಾಕ್ಸ್‌ನ ಎಲ್ಲಾ ಕಿಟಕಿ ಮುಚ್ಚಿ ಮತ್ತೆ ತೆಗೀಬೇಕು. ಟ್ಯಾಬ್ ರಿಫ್ರೆಶ್ ಮಾಡಿದ್ರೆ ಸಾಲಲ್ಲ, ನಾನು ರಿಫ್ರೆಶ್ ಮಾಡಿ ಮಾಡಿ "ಆಗ್ಲಿಲ್ಲ" ಅಂತ ಅರ್ಧ ಗಂಟೆ ಕೂತಿದ್ದೆ.

ಇನ್ನೊಂದು ಮಾತು, ಇದಕ್ಕೆ ತುಂಬಾ ಜನ ಎಡವ್ತಾರೆ. ನಿಮ್ಮ ಫೈರ್‌ಫಾಕ್ಸ್ ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ಅನ್ನೋ ಪ್ಯಾಕೇಜ್ ರೂಪದ್ದಾಗಿದ್ರೆ ಅದು ತನ್ನದೇ ಗೋಡೆ ಕಟ್ಕೊಂಡು ಒಳಗಿರತ್ತೆ, ಹೊರಗೆ ಸಿಸ್ಟಮ್‌ಗೆ ನೀವು ಹಾಕಿದ ಲೈಬ್ರರಿ ಅದಕ್ಕೆ ಕಾಣಲ್ಲ. ಉಬುಂಟು 22.04ರಿಂದ ಫೈರ್‌ಫಾಕ್ಸ್ ಬರೋದೇ ಸ್ನ್ಯಾಪ್ ಆಗಿ. ಅಂದ್ರೆ ಪ್ಯಾಕೇಜ್ ಹಾಕೋ ಕಮಾಂಡ್ ಆಪ್ಟ್‌ನಿಂದ ಎಷ್ಟು ಕೋಡೆಕ್ ಹಾಕಿದ್ರೂ ಆ ಬ್ರೌಸರಿಗೆ ಏನೂ ಆಗಲ್ಲ, ಅದು ಬಳಸೋದು ತನ್ನ ಒಳಗಿನ ಲೈಬ್ರರೀನೇ. ಯಾರಾದ್ರೂ ಒಂದು ಕಮಾಂಡ್ ಕೊಟ್ಟು "ನಂಗೆ ಸರಿ ಹೋಯ್ತು" ಅಂದ್ರೆ, ಅವರ ಬ್ರೌಸರ್ ಯಾವ ರೂಪದ್ದು ಅಂತ ಮೊದ್ಲು ಕೇಳಿ.

ಎರಡನೇ ತೊಂದರೆ: ಓಡತ್ತೆ, ಆದ್ರೆ ತಡವರಿಸತ್ತೆ

ನಾನು ಸಿಕ್ಕಿಹಾಕ್ಕೊಂಡಿದ್ದು ಇಲ್ಲಿ, ಅದಕ್ಕೆ ನಿಧಾನವಾಗಿ ಬರೀತೀನಿ.

ಕೋರ್ಸಿನ ವಿಡಿಯೋ ಓಡ್ತು ಅನ್ನೋ ಖುಷೀಲಿ ಯೂಟ್ಯೂಬ್ ತೆಗೆದ್ರೆ ಫ್ಯಾನ್ ಮೊದಲಿನ ಹಾಗೇ ಕೂಗ್ತಿದೆ. ಕೋಡೆಕ್ ಹಾಕಿದೀನಲ್ಲ? ಆಗ ಅರ್ಥ ಆಗ್ದೇ ಇದ್ದಿದ್ದು ಏನಂದ್ರೆ, ವಿಡಿಯೋ ಬಿಚ್ಚೋಕೆ ಎರಡು ದಾರಿ ಇದೆ. ಒಂದು, ಸಿಪಿಯು ಕೂತು ಲೆಕ್ಕ ಮಾಡೋದು, ಅಂದ್ರೆ ಸಾಫ್ಟ್‌ವೇರ್ ಡಿಕೋಡಿಂಗ್. ಇನ್ನೊಂದು, ಗ್ರಾಫಿಕ್ಸ್ ಚಿಪ್ಪಿನೊಳಗೆ ಇದಕ್ಕೇ ಅಂತ ಮಾಡಿರೋ ಒಂದು ಭಾಗಕ್ಕೆ ಕೆಲಸ ಒಪ್ಪಿಸೋದು, ಅಂದ್ರೆ ಹಾರ್ಡ್‌ವೇರ್ ಡಿಕೋಡಿಂಗ್. 1080ಪಿ ಚಿತ್ರ ಒಂದರಲ್ಲಿ 20 ಲಕ್ಷದ ಮೇಲೆ ಪಿಕ್ಸೆಲ್ ಇರತ್ತೆ, ಸೆಕೆಂಡಿಗೆ 60 ಚಿತ್ರ ಅಂದ್ರೆ 12 ಕೋಟಿ ದಾಟತ್ತೆ. ಇಷ್ಟನ್ನ ಹಳೇ ಸಿಪಿಯು ಒಂದೇ ಮಾಡ್ಬೇಕಾದ್ರೆ ಬಿಸಿ ಆಗ್ದೇ ಇನ್ನೇನಾಗತ್ತೆ.

ಲಿನಕ್ಸ್‌ನಲ್ಲಿ ಬ್ರೌಸರಿಗೂ ಆ ಚಿಪ್ಪಿಗೂ ನಡುವೆ ಮಾತಾಡ್ಸೋದು ವಿಎ-ಎಪಿಐ ಅನ್ನೋ ವ್ಯವಸ್ಥೆ. ಇಂಟೆಲ್ ಗ್ರಾಫಿಕ್ಸ್‌ಗೆ 2023ರ ಜುಲೈನಲ್ಲಿ ಬಂದ ಫೈರ್‌ಫಾಕ್ಸ್ 115ರಿಂದ, ಎಎಂಡಿಗೆ 2025ರ ಮಾರ್ಚ್‌ನಲ್ಲಿ ಬಂದ 136ರಿಂದ ಇದು ತಾನಾಗೇ ಆನ್ ಇರತ್ತೆ. ಅದಕ್ಕಿಂತ ಹಳೇ ಟಿಪ್ಪಣಿಗಳಲ್ಲಿರೋ ಉದ್ದುದ್ದ ಸೆಟ್ಟಿಂಗ್‌ಗಳು ಈಗ ಬೇಕಾಗಿಲ್ಲ. ಆದ್ರೆ ಡ್ರೈವರ್ ಮಾತ್ರ ನಾವೇ ನೋಡ್ಕೋಬೇಕು. ಇಂಟೆಲ್‌ನಲ್ಲಿ 5ನೇ ಜನರೇಶನ್ನಿಂದ ಈಚೆಗೆ ಇಂಟೆಲ್-ಮೀಡಿಯಾ-ಡ್ರೈವರ್ (ಐಎಚ್‌ಡಿ ಅಂತಾರೆ), ಅದಕ್ಕಿಂತ ಹಳೇದಕ್ಕೆ ಐ965. ಫೆಡೋರಾದಲ್ಲಿ ಇದನ್ನೂ ಆರ್‌ಪಿಎಂ ಫ್ಯೂಷನ್‌ನಿಂದ ತಗೊಂಡೆ.

ಈಗ ಮುಖ್ಯವಾದ ಹೆಜ್ಜೆ, ವಿಎಇನ್ಫೋ. ಟರ್ಮಿನಲ್‌ನಲ್ಲಿ ಈ ಒಂದು ಪದ ಹೊಡೆದ್ರೆ ನಿಮ್ಮ ಚಿಪ್ಪಿಗೆ ಏನೇನು ಬರತ್ತೆ ಅಂತ ಒಂದು ಪಟ್ಟಿ ಬೀಳತ್ತೆ. ಪ್ರತಿ ಸಾಲಲ್ಲಿ ಎಡಗಡೆ ಪ್ರೊಫೈಲ್, ಬಲಗಡೆ ಎಂಟ್ರಿಪಾಯಿಂಟ್. ಎಡಗಡೆ ಕೋಡೆಕ್ಕಿನ ಹೆಸರು. ಬಲಗಡೆ ಇರೋದು ಏನು ಕೆಲಸ ಅಂತ: ವಿಎಲ್‌ಡಿ ಅಂತ ಇದ್ರೆ ಬಿಚ್ಚೋದು, ಎನ್ಕ್‌ಸ್ಲೈಸ್ ಅಂತ ಇದ್ರೆ ಕಟ್ಟೋದು. ನಾನು ಬಲಗಡೆ ನೋಡ್ಲೇ ಇಲ್ಲ. ಪಟ್ಟಿ ಉದ್ದ ಇದೆ, ಎಚ್.264 ಹೆಸರು ನಾಲ್ಕಾರು ಕಡೆ ಇದೆ, ಎಲ್ಲಾ ಸರಿ ಇದೆ ಅಂತ ಮುಚ್ಚಿಬಿಟ್ಟೆ. ಆ ಮುಚ್ಚಿದ್ದಕ್ಕೇ ಒಂದಿಡೀ ಸಂಜೆ ದಂಡ ಆಯ್ತು. ನಮಗೆ ಬೇಕಾಗಿರೋದು ವಿಡಿಯೋ ನೋಡೋದು, ಅಂದ್ರೆ ವಿಎಲ್‌ಡಿ ಇರೋ ಸಾಲುಗಳು ಮಾತ್ರ. ಮತ್ತೆ, "ಹಾರ್ಡ್‌ವೇರ್ ಡಿಕೋಡಿಂಗ್ ಇದೆಯಾ" ಅಂತ ಕೇಳ್ಕೊಳ್ಳೋದೇ ತಪ್ಪು ಪ್ರಶ್ನೆ. "ಈ ಕೋಡೆಕ್ಕಿಗೆ ಹಾರ್ಡ್‌ವೇರ್ ಡಿಕೋಡಿಂಗ್ ಇದೆಯಾ" ಅಂತ ಕೇಳ್ಬೇಕು. ಒಂದಕ್ಕಿದ್ದು ಇನ್ನೊಂದಕ್ಕೆ ಇಲ್ದೇ ಇರಬಹುದು.

ಎರಡನೇ ಸಲ ನೋಡಿದಾಗ ಕಂಡಿದ್ದು: ಎಚ್.264ಗೆ ವಿಎಲ್‌ಡಿ ಇದೆ. ವಿಪಿ9 ಅನ್ನೋ ಸಾಲೇ ಇಲ್ಲ. ಡ್ರೈವರ್ ತಪ್ಪಿರಬೇಕು ಅಂತ ತೆಗೆದು ಮತ್ತೆ ಹಾಕ್ದೆ, ಆಗಲೂ ಇಲ್ಲ. ಡ್ರೈವರ್‌ದೇನೂ ತಪ್ಪಿರಲಿಲ್ಲ, 6ನೇ ಜನರೇಶನ್ ಚಿಪ್ಪಿನಲ್ಲಿ ವಿಪಿ9ನ ಪೂರ್ತಿ ಬಿಚ್ಚೋ ಭಾಗಾನೇ ಇಲ್ಲ. ಇಂಟೆಲ್‌ನಲ್ಲಿ ಅದು ಬಂದಿದ್ದು 7ನೇ ಜನರೇಶನ್ನಿಂದ, ಎವಿ1 ಬಂದಿದ್ದು 11ನೇ ಜನರೇಶನ್ನಿಂದ. ಇಲ್ಲದ ಭಾಗಾನ ಯಾವ ಪ್ಯಾಕೇಜೂ ತಂದುಕೊಡಲ್ಲ.

ಈ ಕಡೆ ಯೂಟ್ಯೂಬ್ ಏನು ಕಳಿಸ್ತಿದೆ ನೋಡಿ. ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ಒತ್ತಿದ್ರೆ ಮೂಲೇಲಿ ಒಂದು ಪೆಟ್ಟಿಗೆ ಬರತ್ತೆ, ಅದರಲ್ಲಿ ಕೋಡೆಕ್ಸ್ ಅನ್ನೋ ಸಾಲು. ಎವಿಸಿ1 ಅಂದ್ರೆ ಎಚ್.264, ವಿಪಿ09 ಅಂದ್ರೆ ವಿಪಿ9, ಎವಿ01 ಅಂದ್ರೆ ಎವಿ1. ನನ್ನದರಲ್ಲಿ ವಿಪಿ09 ಇತ್ತು. ಅದೇ ಪೆಟ್ಟಿಗೇಲಿ ಡ್ರಾಪ್ಡ್ ಫ್ರೇಮ್ಸ್ ಲೆಕ್ಕ ಇರತ್ತೆ, ಅದು ನೋಡ್ತಾ ನೋಡ್ತಾ ಏರ್ತಿತ್ತು. ಚಿಪ್ಪಿಗೆ ಎಚ್.264 ಬರತ್ತೆ, ಸೈಟು ವಿಪಿ9 ಕಳಿಸ್ತಿದೆ, ಎಲ್ಲಾ ಭಾರ ಸಿಪಿಯು ಮೇಲೆ ಬೀಳ್ತಿದೆ. ವಿಎಇನ್ಫೋ ಪಟ್ಟೀನ ಈ ಪೆಟ್ಟಿಗೆ ಪಕ್ಕದಲ್ಲಿಟ್ಟು ನೋಡಿದಾಗ್ಲೇ ನನಗೆ ವಿಷಯ ತಲೆಗೆ ಹೋಗಿದ್ದು. ಒಂದೊಂದನ್ನೇ ನೋಡಿದ್ರೆ ಏನೂ ಗೊತ್ತಾಗಲ್ಲ.

ನನಗೆ ತುಂಬಾ ಇಷ್ಟವಾದ ಉಪಾಯ

ಚಿಪ್ ಬದಲಾಯಿಸೋಕಾಗಲ್ಲ, ಆದ್ರೆ ಸೈಟು ಏನು ಕಳಿಸ್ಬೇಕು ಅನ್ನೋದನ್ನ ಬದಲಾಯಿಸಬಹುದು! ಬ್ರೌಸರ್ "ನಂಗೆ ಇದಿದು ಬರತ್ತೆ" ಅಂತ ಹೇಳಿದ್ದನ್ನ ನೋಡ್ಕೊಂಡು ಯೂಟ್ಯೂಬ್ ಕೋಡೆಕ್ ಆರಿಸತ್ತೆ. ಎಚ್264ಇಫೈ ಅನ್ನೋ ಎಕ್ಸ್‌ಟೆನ್ಶನ್ ಹಾಕಿದ್ರೆ ಬ್ರೌಸರ್ "ವಿಪಿ9 ಬರಲ್ಲ" ಅನ್ನೋಕೆ ಶುರು ಮಾಡತ್ತೆ, ಆಗ ಸೈಟು ಎಚ್.264 ಕಳಿಸತ್ತೆ. ಹಾಕಿ, ಪುಟ ಮತ್ತೆ ತೆಗೆದು, ಆ ಪೆಟ್ಟಿಗೆ ನೋಡ್ದೆ: ಎವಿಸಿ1. ಫ್ಯಾನ್ ಒಂದೆರಡು ನಿಮಿಷದಲ್ಲಿ ತಣ್ಣಗಾಯ್ತು. ಡ್ರಾಪ್ಡ್ ಫ್ರೇಮ್ಸ್ ಏರೋದೂ ನಿಂತಿತು.

ಇದಕ್ಕೆ ಒಂದು ಬೆಲೆ ಇದೆ: ಯೂಟ್ಯೂಬ್‌ನಲ್ಲಿ ಎಚ್.264 ಸಿಗೋದು 1080ಪಿವರೆಗೆ ಮಾತ್ರ, 1440ಪಿ, 4ಕೆ ಆಯ್ಕೆ ಮಾಯ ಆಗತ್ತೆ. ನನ್ನ ಪರದೆ ಇರೋದೇ 1080ಪಿ, ನನಗೆ ನಷ್ಟ ಇಲ್ಲ.

ನಿಮ್ಮದು 7ರಿಂದ 10ನೇ ಜನರೇಶನ್ ಆದ್ರೆ ವಿಪಿ9ನ ತಡೀಬೇಡಿ, ಅದು ನಿಮ್ಮ ಚಿಪ್ಪಿಗೆ ಬರತ್ತೆ. ನಿಮಗೆ ತೊಂದರೆ ಕೊಡೋದು ಎವಿ1. ಫೈರ್‌ಫಾಕ್ಸ್ ಅಡ್ರೆಸ್ ಬಾರಿನಲ್ಲಿ ಅಬೌಟ್-ಕಾನ್ಫಿಗ್ (about:config) ತೆಗೆದು ಮೀಡಿಯಾ ಡಾಟ್ ಎವಿ1 ಡಾಟ್ ಎನೇಬಲ್ಡ್ ಅನ್ನೋದನ್ನ ಫಾಲ್ಸ್ ಮಾಡಿದ್ರೆ ಸೈಟು ವಿಪಿ9ಗೆ ಇಳಿಯತ್ತೆ. 11ರಿಂದ ಈಚೆಗಿನವರು ಏನೂ ಮುಟ್ಟೋದು ಬೇಡ, ಡ್ರೈವರ್ ಸರಿ ಇದ್ರೆ ಸಾಕು.

ನಿಜಕ್ಕೂ ಚಿಪ್ಪೇ ಕೆಲಸ ಮಾಡ್ತಿದೆಯಾ ಅಂತ ನೋಡೋದು

ಫೈರ್‌ಫಾಕ್ಸ್‌ನಲ್ಲಿ ಅಬೌಟ್-ಸಪೋರ್ಟ್ (about:support) ತೆಗೆದು ಮೀಡಿಯಾ ಭಾಗಕ್ಕೆ ಇಳಿದ್ರೆ ಕೋಡೆಕ್ಕಿನ ಕೋಷ್ಟಕ ಇದೆ, ಸಾಫ್ಟ್‌ವೇರ್, ಹಾರ್ಡ್‌ವೇರ್ ಎರಡಕ್ಕೂ ಬೇರೆ ಬೇರೆ ಕಾಲಂ. ಅದು ಸಾಧ್ಯ ಇದೆಯಾ ಅಂತ ಹೇಳತ್ತೆ ಅಷ್ಟೇ. ಈಗ ನಡೀತಿದೆಯಾ ಅಂತ ನೋಡೋಕೆ ಟರ್ಮಿನಲ್‌ನಲ್ಲಿ ಇಂಟೆಲ್-ಜಿಪಿಯು-ಟಾಪ್ (intel_gpu_top) ಓಡಿಸಿ, ವಿಡಿಯೋ ಅನ್ನೋ ಸಾಲು ನೋಡಿ. ವಿಡಿಯೋ ಓಡ್ತಿರೋವಾಗ ಅದು ಸೊನ್ನೆಯಲ್ಲೇ ಕೂತಿದ್ರೆ ಸಿಪಿಯುನೇ ದುಡೀತಿದೆ ಅಂತ ಅರ್ಥ. ನನ್ನದರಲ್ಲಿ ಎಕ್ಸ್‌ಟೆನ್ಶನ್ ಹಾಕೋ ಮುಂಚೆ ಸೊನ್ನೆ, ಹಾಕಿದ ಮೇಲೆ ಅಲ್ಲಾಡೋಕೆ ಶುರು ಆಯ್ತು. ಕ್ರೋಮ್ ಬಳಸೋರು ಮೀಡಿಯಾ-ಇಂಟರ್ನಲ್ಸ್ (chrome://media-internals) ಪುಟದಲ್ಲಿ ಡಿಕೋಡರ್ ಹೆಸರು ನೋಡಿ, ವಿಎಎಪಿಐ ಅಂತ ಇದ್ರೆ ಚಿಪ್ಪು, ಎಫ್‌ಎಫ್‌ಎಂಪೆಗ್ ಅಥವಾ ಡೇವಿಡ್ (ಡಿಎವಿ1ಡಿ ಅಂತ ಬರ್ದಿರತ್ತೆ) ಅಂತ ಇದ್ರೆ ಸಿಪಿಯು.

ಉಳಿದ ಚೂರುಪಾರು

ಓಟಿಟಿ ಸೈಟು ಮಾತ್ರ ಓಡ್ತಿಲ್ಲ, ಮಿಕ್ಕಿದ್ದೆಲ್ಲ ಓಡತ್ತೆ ಅಂದ್ರೆ ಕೋಡೆಕ್ ಕಡೆ ಹೋಗ್ಲೇಬೇಡಿ, ಅದು ಕಾಪಿ ಮಾಡದ ಹಾಗೆ ಹಾಕಿರೋ ಬೀಗ, ಅಂದ್ರೆ ಡಿಆರ್‌ಎಂ. ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ಡಿಆರ್‌ಎಂ ಇರೋ ವಿಡಿಯೋ ಓಡಿಸು ಅನ್ನೋ ಟಿಕ್ ಹಾಕಿದ್ರೆ ವೈಡ್‌ವೈನ್ ಅನ್ನೋ ಆ ಬೀಗ ತೆಗೆಯೋ ಭಾಗ ಇಳಿಯತ್ತೆ.

ವಿಡಿಯೋ ಮೊದಲ ಚಿತ್ರದಲ್ಲೇ ನಿಂತು ಸುತ್ತೋ ಗುರುತು ಬರ್ತಾನೇ ಇದ್ರೆ ಒಂದ್ಸಲ ಆಡಿಯೋ ನೋಡಿ. ಪ್ಲೇಯರ್ ಚಿತ್ರಾನ ಧ್ವನಿಯ ಗಡಿಯಾರಕ್ಕೆ ಹೊಂದಿಸ್ಕೊಂಡು ಓಡಿಸತ್ತೆ, ಧ್ವನಿ ಹೊರಡೋಕೆ ದಾರಿ ಇಲ್ದೇ ಇದ್ರೆ ಚಿತ್ರಾನೂ ನಿಂತುಬಿಡಬಹುದು. ಬ್ಲೂಟೂತ್ ಹೆಡ್‌ಫೋನ್ ಕಳಚಿದ ಮೇಲೆ ನನಗೆ ಹೀಗಾಗಿತ್ತು, ಲಿನಕ್ಸ್‌ನಲ್ಲಿ ಧ್ವನಿ ನೋಡ್ಕೊಳ್ಳೋ ಪೈಪ್‌ವೈರ್ ರಿಸ್ಟಾರ್ಟ್ ಮಾಡಿದ್ದಕ್ಕೆ ಹೋಯ್ತು.

ಎನ್ವಿಡಿಯಾ ಕಾರ್ಡಿನವರಿಗೆ ಮೇಲಿನ ವಿಎ-ಎಪಿಐ ಕಥೆ ನೇರವಾಗಿ ಹೊಂದಲ್ಲ, ಅವರ ಡ್ರೈವರ್ ಮಾತಾಡೋದು ಬೇರೆ ಭಾಷೆ, ನಡುವೆ ಎನ್ವಿಡಿಯಾ-ವಿಎಎಪಿಐ-ಡ್ರೈವರ್ ಅನ್ನೋ ಸೇತುವೆ ಬೇಕು. ಫೆಡೋರಾದಲ್ಲಿ ಎಎಂಡಿ ಇರೋರಿಗೆ ಮೆಸಾ ಡ್ರೈವರ್‌ನ ಫ್ರೀವರ್ಲ್ಡ್ ಆವೃತ್ತಿ ಆರ್‌ಪಿಎಂ ಫ್ಯೂಷನ್‌ನಲ್ಲಿದೆ, ಫೆಡೋರಾ 37ರಿಂದ ಮೂಲ ಪ್ಯಾಕೇಜಿನಲ್ಲಿ ಎಚ್.264 ಹಾರ್ಡ್‌ವೇರ್ ಡಿಕೋಡಿಂಗ್ ತೆಗೆದಿದ್ದಾರೆ. ಹಾಗಾಗಿ ಎಎಂಡಿಯಲ್ಲಿ ವಿಎಇನ್ಫೋ ಪಟ್ಟೀಲಿ ಎಚ್.264 ಕಾಣ್ಲಿಲ್ಲ ಅಂದ ತಕ್ಷಣ ಚಿಪ್ಪಿಗೇ ಬರಲ್ಲ ಅಂತ ತೀರ್ಮಾನ ಮಾಡ್ಬೇಡಿ, ಮೊದ್ಲು ಆ ಪ್ಯಾಕೇಜ್ ಬದಲಾಯಿಸಿ, ಆಮೇಲೆ ಮತ್ತೆ ಪಟ್ಟಿ ತೆಗೆದು ನೋಡಿ.